ಕನ್ನಡದ ಅದ್ಭುತ ಕಥೆಗಳಲ್ಲಿ ವೀರನ ಪಯಣ

ರಾಜಕುಮಾರನೋ ಕುರುಬರ ಹುಡುಗನೋ ಮನೆ ಬಿಟ್ಟು ಹೊರಡುತ್ತಾನೆ, ಕಾಣದ ನಾಡಿನಲ್ಲಿ ಮಾಯೆ ಮಂತ್ರಗಳನ್ನು ಎದುರಿಸಿ ಗೆಲ್ಲುತ್ತಾನೆ, ಬೇರೆಯೇ ಮನುಷ್ಯನಾಗಿ ಊರಿಗೆ ಮರಳುತ್ತಾನೆ. ಲೋಕದ ಎಲ್ಲ ಕಡೆ ಸಿಗುವ ಈ ಕಥಾಬಂಧವನ್ನು ವಿದ್ವಾಂಸರು ವೀರನ ಪಯಣ ಎನ್ನುತ್ತಾರೆ. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ತನ್ನ ನಾಡಿನ ಅದ್ಭುತ ಕಥೆಗಳನ್ನು ಬಿಡಿಸಿ ನೋಡಿ, 31 ಕ್ರಿಯೆಗಳಲ್ಲಿ ಅವುಗಳ ಹಂದರವನ್ನು ತೋರಿಸಿದ. ಅಮೆರಿಕದ ಜೋಸೆಫ್ ಕ್ಯಾಂಬೆಲ್ 1949ರ ತನ್ನ ಗ್ರಂಥದಲ್ಲಿ ಅದನ್ನು ಹೊರಡುವುದು, ಪರೀಕ್ಷೆಗೆ ಒಳಗಾಗುವುದು, ಮರಳುವುದು ಎಂಬ ಮೂರು ಘಟ್ಟಗಳಿಗೆ ಇಳಿಸಿದ. ಟೋಲ್ಕಿನ್‌ನ ‘ದಿ ಹಾಬಿಟ್’ (1937) ಈ ಮೂರೂ ಘಟ್ಟಗಳನ್ನು ಅಚ್ಚುಕಟ್ಟಾಗಿ ದಾಟುತ್ತದೆ. ಕನ್ನಡದಲ್ಲಿ ಮೊದಲ ಎರಡು ಘಟ್ಟಗಳಿಗೆ ಏನೂ ಕೊರತೆಯಿಲ್ಲ. ಮೂರನೆಯದರಲ್ಲಿ ಮಾತ್ರ ನಮ್ಮ ಕಥೆಗಾರರು ಸಾವಿರ ವರ್ಷಗಳಿಂದ ತಮ್ಮದೇ ದಾರಿ ಹಿಡಿದಿದ್ದಾರೆ. ಹೋದವನು ಮನೆಗೆ ಮರಳುವುದು ಇಲ್ಲಿ ಕಥೆಯ ಗುರಿಯಲ್ಲ. ಹಲವು ಸಲ ಅವನು ಮರಳುವುದೇ ಇಲ್ಲ.

ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ ಬಾಣಭಟ್ಟನ ಗದ್ಯಕಥೆಯನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪುವಾಗಿ ಬರೆದ. ಅದರಲ್ಲಿ ಹೊರಡುವ ಗಳಿಗೆಯೇ ವಿಶೇಷ. ಉಜ್ಜಯಿನಿಯ ಯುವರಾಜ ಚಂದ್ರಾಪೀಡ ದಿಗ್ವಿಜಯ ಮುಗಿಸಿ, ಗೆಲ್ಲಲು ಇನ್ನೇನೂ ಉಳಿದಿಲ್ಲದಾಗ ಹಿಮಾಲಯದ ತಪ್ಪಲಲ್ಲಿ ಬೀಡುಬಿಟ್ಟಿದ್ದಾನೆ. ಬೇಟೆಗೆ ಹೋದವನ ಕಣ್ಣಿಗೆ ಕಿನ್ನರ ಜೋಡಿಯೊಂದು ಬೀಳುತ್ತದೆ. ಬರಿಯ ಕುತೂಹಲಕ್ಕೆ ಇಂದ್ರಾಯುಧವೆಂಬ ಕುದುರೆಯನ್ನು ಅವುಗಳ ಬೆನ್ನಿಗೆ ಅಟ್ಟುತ್ತಾನೆ. ಕಿನ್ನರರು ಬೆಟ್ಟವೇರಿ ಮರೆಯಾಗುತ್ತಾರೆ. ಸೇನೆ ಎಲ್ಲೋ ಹಿಂದೆ ಉಳಿದಿದೆ, ದಾರಿ ತಪ್ಪಿದೆ, ಕುದುರೆಗೆ ನೀರಡಿಸಿದೆ. ನೀರು ಹುಡುಕುತ್ತ ಅಚ್ಛೋದ ಸರೋವರ ಸಿಗುತ್ತದೆ, ವೀಣೆಯ ದನಿ ಕೇಳುತ್ತದೆ, ಆ ದನಿಯ ಜಾಡು ಹಿಡಿದು ಹೋದರೆ ಶಿವನ ಗುಡಿಯಲ್ಲಿ ಹಾಡುತ್ತಿರುವ ಮಹಾಶ್ವೇತೆ. ಅಪಹರಣವಿಲ್ಲ, ಶಾಪವಿಮೋಚನೆಯ ಹೊಣೆಯಿಲ್ಲ, ದೂತನ ಕರೆಯಿಲ್ಲ. ದಾರಿ ತಪ್ಪಿದ್ದೊಂದೇ ಕಾರಣ ಸಾಕಾಯಿತು. ಭಾರತೀಯ ಕಥನದಲ್ಲಿ ಇಷ್ಟು ಸಹಜವಾದ, ಇಷ್ಟು ಚೆಲುವಾದ ಹೊರಡುವಿಕೆ ಅಪರೂಪ. ಮುಂದೆ ತಂದೆಯ ಓಲೆ ಬಂದು ಚಂದ್ರಾಪೀಡ, ಮಹಾಶ್ವೇತೆಯ ಗೆಳತಿಯೂ ತಾನು ಒಲಿದವಳೂ ಆದ ಕಾದಂಬರಿಯನ್ನು ಬಿಟ್ಟು ಉಜ್ಜಯಿನಿಗೆ ಮರಳಬೇಕಾಗುತ್ತದೆ. ಕುತ್ತು ಶುರುವಾಗುವುದೇ ಅಲ್ಲಿ. ಸರೋವರಕ್ಕೆ ಅವನು ಮತ್ತೆ ಬರುವ ಹೊತ್ತಿಗೆ ಗೆಳೆಯ ವೈಶಂಪಾಯನ ಶಾಪಕ್ಕೆ ಸಿಕ್ಕು ಅಳಿದಿರುತ್ತಾನೆ. ಆ ಸುದ್ದಿ ಕೇಳಿ ಚಂದ್ರಾಪೀಡನ ಎದೆಯೂ ಒಡೆಯುತ್ತದೆ. ಪಯಣ ಮುಗಿಯಲು ಇನ್ನೊಂದು ಜನ್ಮವೇ ಬೇಕು.

ಸುಮಾರು 1170ರ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ಕಥೆಯ ಮನೆ ಕನ್ನಡ ನಾಡಿಗೇ ಬರುತ್ತದೆ. ಜಯಂತೀಪುರ, ಅಂದರೆ ಬನವಾಸಿಯ ರಾಜಕುಮಾರ ಕಂದರ್ಪದೇವ ಕನಸಿನಲ್ಲಿ ಕಂಡ ಹೆಣ್ಣನ್ನು ಹುಡುಕಿಕೊಂಡು ಗೆಳೆಯ ಮಕರಂದನೊಡನೆ ಹೊರಡುತ್ತಾನೆ. ಆ ಹೆಣ್ಣೂ ಅವನನ್ನು ಕನಸಿನಲ್ಲಿ ಕಂಡಿದ್ದಾಳೆ. ಸುಬಂಧುವಿನ ‘ವಾಸವದತ್ತೆ’ಯ ಮಾದರಿ ಹಿಡಿದ ಈ ಕಾವ್ಯದಲ್ಲಿ ವರ್ಣನೆಗೇ ಮೇಲುಗೈ, ನಡಿಗೆ ನಿಧಾನ. ಚೌಂಡರಸ ಸುಮಾರು 1300ರಲ್ಲಿ ‘ಅಭಿನವ ದಶಕುಮಾರ ಚರಿತೆ’ ಬರೆದು ದಂಡಿಯ ಅಲೆಮಾರಿ ಕುಮಾರರನ್ನು ಕನ್ನಡಕ್ಕೆ ಕರೆತಂದ.

ಜೈನ ಕಥನದ ಕೊನೆಯಂತೂ ಮನೆಯ ಹೊಸ್ತಿಲನ್ನು ದಾಟಿಯೇ ಹೋಗುತ್ತದೆ. ಹತ್ತನೆಯ ಶತಮಾನದ್ದೆನ್ನುವ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ವಿದ್ಯುಚ್ಚೋರನದು ಒಂದು. ಅರಸನ ಮಗನಾಗಿ ಹುಟ್ಟಿ ಕಳ್ಳವಿದ್ಯೆ ಕಲಿತವನು ಅವನು. ಜೊತೆಗೆ ಓದಿದ ಯಮದಂಡ ತಳಾರ, ಅಂದರೆ ಊರ ಕಾವಲುಗಾರನಾಗುತ್ತಾನೆ. ವಿದ್ಯುಚ್ಚೋರನದು ಹಗಲು ಕುಷ್ಠರೋಗಿಯ ವೇಷ, ರಾತ್ರಿ ಕಳವು. ಕೊನೆಗೆ ಅರಸನ ಹಾರಕ್ಕೇ ಕೈಹಾಕುತ್ತಾನೆ. ಕಥೆಗಾರ ಇದನ್ನೆಲ್ಲ ಒಳ್ಳೆಯ ಹುರುಪಿನಲ್ಲಿ ಹೇಳಿದರೂ ಕೊನೆಯಲ್ಲಿ ರಾಜ್ಯಾಭಿಷೇಕವಿಲ್ಲ, ಇರುವುದು ದೀಕ್ಷೆ. ಗಳಿಸಿದ್ದನ್ನು ಊರಿಗೆ ತರುವುದಲ್ಲ, ಬಿಡುವುದೇ ಈ ಪಯಣದ ಫಲ.

ಮೌಖಿಕ ಮಹಾಕಾವ್ಯಗಳಲ್ಲಿ ಇನ್ನೊಂದು ಬಗೆಯಿದೆ. ಕ್ಯಾಂಬೆಲ್‌ನ ಚೌಕಟ್ಟಿಗೆ ಕನ್ನಡದ ಅತ್ಯಂತ ಗಟ್ಟಿ ಉತ್ತರ ಇದೇ ಎನ್ನಬೇಕು. ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಮಂಟೇಸ್ವಾಮಿ ಕಲ್ಯಾಣದಿಂದ ತೆಂಕಲಿಗೆ ಬರುತ್ತಾನೆ. ಆಚಾರಿಗಳ ಮನೆಯ ಮಗ ಕೆಂಪಾಚಾರಿಯನ್ನು ಶಿಷ್ಯನಾಗಿ ಬೇಡುತ್ತಾನೆ. ಆ ಹುಡುಗನೇ ಮುಂದೆ ಸಿದ್ದಪ್ಪಾಜಿ. ಗುರು ಅವನನ್ನು ಹಲಗೂರಿನ ಪಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಸುಲಭಕ್ಕೆ ಕೊಡುವವರಲ್ಲ. ಒಂದಾದ ಮೇಲೊಂದು ಕಠಿಣ ಪರೀಕ್ಷೆ ಒಡ್ಡುತ್ತಾರೆ. ಸಿದ್ದಪ್ಪಾಜಿ ಎಲ್ಲವನ್ನೂ ಗೆದ್ದು ಕಬ್ಬಿಣ ತರುತ್ತಾನೆ. ಹೊನ್ನಲ್ಲ, ಮಂತ್ರದ ಹೂವಲ್ಲ, ತಾನು ಹುಟ್ಟಿದ ಕುಲದವರು ಕಾಸಿ ಬಡಿಯುವ ಕಬ್ಬಿಣ! ಹೆತ್ತವರ ಮನೆಗೆ ಅವನು ಹಿಂತಿರುಗುವುದಿಲ್ಲ. ಚಿಕ್ಕಲ್ಲೂರಿನಲ್ಲಿ ಗದ್ದಿಗೆಗೊಳ್ಳುತ್ತಾನೆ, ಅಲ್ಲಿ ಇಂದಿಗೂ ಜಾತ್ರೆ ಸೇರುತ್ತದೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಥೆಯೂ ಹೀಗೆಯೇ ಸಾಗುತ್ತದೆ. ಉತ್ತರಾಜಮ್ಮನ ಮಗ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ, ಶ್ರವಣದೊರೆಯನ್ನು ಸಂಹರಿಸುತ್ತಾನೆ, ಹುಲಿಯೇರಿ ಎಪ್ಪತ್ತೇಳು ಮಲೆಗಳಲ್ಲಿ ನೆಲೆ ನಿಲ್ಲುತ್ತಾನೆ. ಈ ವೀರರ ಪಯಣ ಹುಟ್ಟಿದ ಮನೆಗೆ ಮರಳಿ ಮುಗಿಯದೆ ದೈವದ ನೆಲೆಯಾಗಿ ಊರಿಕೊಳ್ಳುತ್ತದೆ. ವರ್ಷವರ್ಷ ಒಕ್ಕಲು ಅಲ್ಲಿಗೆ ನಡೆದು ಹೋಗುವುದರಿಂದ ಪಯಣ ಈಗ ಕೇಳುಗರದು.

ಹೆಣ್ಣುಮಕ್ಕಳು ಹೇಳುವ ಕಥೆಗಳ ಕಡೆಗೆ ಗಮನ ಸೆಳೆದವರು ಎ.ಕೆ. ರಾಮಾನುಜನ್. ಗಂಡಿನ ಸಾಹಸಕಥೆ ಮದುವೆಯಲ್ಲಿ ಮುಗಿದರೆ ಹೆಣ್ಣಿನ ಕಥೆಯ ಕಷ್ಟ ಮದುವೆಯಿಂದಲೇ ಮೊದಲಾಗುತ್ತದೆಂದು ಅವರು ಕಂಡುಕೊಂಡರು. ಕನ್ನಡದಲ್ಲಿ ಅವರು ಸಂಗ್ರಹಿಸಿದ ಹೂಮರವಾಗುವ ಹುಡುಗಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅವಳು ಎಲ್ಲಿಗೂ ಹೊರಡದೆಯೇ ವೀರನಿಗಿಂತ ದೊಡ್ಡ ಗಂಡಾಂತರ ದಾಟುತ್ತಾಳೆ.

ಸುಖವಾಗಿ ಮನೆಗೆ ಮರಳುವ ವೀರನನ್ನು ಜನಪ್ರಿಯ ಮಾಡಿದ್ದು ಕಂಪನಿ ನಾಟಕ ಮತ್ತು ಸಿನಿಮಾ. ಕುರುಡು ತಂದೆಗೆ ಕಣ್ಣು ತರುವ ಹೂವನ್ನು ಅರಸಿ ಹೊರಡುವ ‘ಗುಲೇಬಕಾವಲಿ’ ಕಥೆ ಪಾರ್ಸಿ, ಉರ್ದುಗಳಿಂದ ಬಂದು ನಾಟಕ ಕಂಪನಿಗಳ ಕೈಸೇರಿತು. ‘ಸದಾರಮೆ’ಯಲ್ಲಿ ಗಂಡುವೇಷ ತೊಟ್ಟು ದಾರಿ ಹಿಡಿಯುವವಳು ನಾಯಕಿ. 1935ರ ಚಲನಚಿತ್ರದಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಯಿತು. ಮೈಸೂರಿನ ಮಹಾತ್ಮ ಪಿಕ್ಚರ್ಸ್ ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಚಿತ್ರಗಳಿಂದ ಮಾಂತ್ರಿಕರ ಲೋಕವನ್ನು ತೆರೆಗೆ ತಂದಿತು. ಆ ಬಳಗದಲ್ಲಿ ಪಳಗಿದ ಉದ್ಯಾವರದ ಬಿ. ವಿಠಲಾಚಾರ್ಯ 1963ರಲ್ಲಿ ರಾಜ್‌ಕುಮಾರ್ ಅವರನ್ನು ‘ವೀರಕೇಸರಿ’ಯಾಗಿಸಿದರು. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಮಗ್ಗುಲ ಮಾವಳ್ಳಿಯವರಿಗೆ ಇಂಥ ಚಿತ್ರಗಳು ನಡೆದು ಹೋಗುವ ದೂರದಲ್ಲಿದ್ದವು. ಜೆ.ಸಿ. ರಸ್ತೆಯ ಸುತ್ತ ಮಿನರ್ವ, ಭಾರತ್, ಶಿವಾಜಿ ಚಿತ್ರಮಂದಿರಗಳಿದ್ದವು.  ಮಕ್ಕಳ ಕೈಗೆ ಇದೇ ಲೋಕವನ್ನು ತಿಂಗಳಿಗೊಮ್ಮೆ ತಂದದ್ದು ಮದರಾಸಿನ ‘ಚಂದಮಾಮ’. ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳಲ್ಲಿ ಭಗ್ನ ದೇವಾಲಯ, ಪಾತಾಳದುರ್ಗ, ಮಾಯಾಸರೋವರಗಳ ನಡುವೆ ಯುವಕರು ಅಲೆಯುತ್ತಿದ್ದರು. ಸಂಚಿಕೆ ಬರುವವರೆಗೆ ಕಾಯುವುದೇ ಓದಿನ ಅರ್ಧ ಸುಖವಾಗಿತ್ತು.

ಮಾವಳ್ಳಿಯಿಂದ ಅದೇ ಜೆ.ಸಿ. ರಸ್ತೆಯಲ್ಲಿ ಮುಂದೆ ಹೋದರೆ 1963ರ ರವೀಂದ್ರ ಕಲಾಕ್ಷೇತ್ರ. ನವ್ಯದ ಕಾಲದಲ್ಲಿ ವೀರ ಒಳಮುಖವಾಗಿ ತಿರುಗಿದ್ದನ್ನು ಬೆಂಗಳೂರಿನ ನೋಡುಗರು ಅಲ್ಲಿ ಕಂಡರು. ಗಿರೀಶ ಕಾರ್ನಾಡರ ‘ಹಯವದನ’ವನ್ನು ಬಿ.ವಿ. ಕಾರಂತರ ‘ಬೆನಕ’ ತಂಡ ಆಡಿತು. ಅದರಲ್ಲಿ ಪೂರ್ಣತೆಯನ್ನು ಬೇಡುತ್ತ ಹೊರಟ ಕುದುರೆಮುಖದವನು ಪೂರ್ಣ ಮನುಷ್ಯನಾಗದೆ ಪೂರ್ಣ ಕುದುರೆಯಾಗುತ್ತಾನೆ. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯ ರಾಜಕುಮಾರ ತನ್ನ ಮೈಯನ್ನೇ ಎರಡಾಗಿ ಸೀಳಿಸಿಕೊಳ್ಳುತ್ತಾನೆ. ಅವನ ಶತ್ರು ಹೊರಗಿನ ರಾಕ್ಷಸನಲ್ಲ, ತನ್ನದೇ ಇನ್ನೊಂದು ಅರ್ಧ. ಈ ಕೃತಿಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಅದ್ಭುತ ಕಥೆಯಲ್ಲ, ಆದರೂ ಈ ಚರಿತ್ರೆಯಲ್ಲಿ ಅದಕ್ಕೆ ಜಾಗ ಇರಲೇಬೇಕು. ವಿಜ್ಞಾನಿ ಕರ್ವಾಲೊ, ಜೇನು ಬಿಡಿಸುವ ಮಂದಣ್ಣ, ಪ್ಯಾರ, ಕರಿಯಪ್ಪ, ಕಿವಿ ಎಂಬ ನಾಯಿ, ಕಥೆ ಹೇಳುತ್ತಿರುವ ರೈತ, ಹೀಗೆ ಒಬ್ಬ ವೀರನ ಜಾಗದಲ್ಲಿ ಒಂದು ಗುಂಪೇ ಸಹ್ಯಾದ್ರಿಯ ಕಾಡಿಗೆ ಹೊರಡುತ್ತದೆ. ಹುಡುಕುತ್ತಿರುವುದು ಯುಗಗಳ ಹಿಂದಿನದೆನ್ನುವ ಹಾರುವ ಓತಿಯನ್ನು. ಎಲ್ಲರೂ ಅದನ್ನು ಕಣ್ಣಾರೆ ಕಾಣುತ್ತಾರೆ. ಹಿಡಿಯಬೇಕೆನ್ನುವಷ್ಟರಲ್ಲಿ ಅದು ಕಣಿವೆಯ ಆಳಕ್ಕೆ ತೇಲಿ ಹೋಗುತ್ತದೆ. ಊರಿಗೆ ತರಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.