ತಿಪಟೂರಿನಿಂದ ಪೊಖ್ರಾನ್‌ವರೆಗೆ

ಅಜ್ಜಂಪುರದಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಬೀರೂರು, ಕಡೂರು, ಅರಸೀಕೆರೆ ದಾಟಿ ತಿಪಟೂರು ಸಿಗುತ್ತದೆ. ತರೀಕೆರೆ ಕಡೆಯ ಹಳಿಯೂ ಬೀರೂರಿನಲ್ಲಿ ಇದೇ ದಾರಿಗೆ ಕೂಡಿಕೊಳ್ಳುತ್ತದೆ. ನಮ್ಮ ಸೀಮೆಯವರಿಗೆ ತಿಪಟೂರೆಂದರೆ ಕೊಬ್ಬರಿ. ಆದರೆ ಭಾರತದ ಮೊದಲ ಅಣು ಪರೀಕ್ಷೆಯ ಮುಂದಾಳು ಡಾ. ರಾಜಾ ರಾಮಣ್ಣ ಹುಟ್ಟಿದ್ದೂ ಅಲ್ಲಿಯೇ, 1925ರ ಜನವರಿ 28ರಂದು.

ಮದ್ರಾಸಿನಲ್ಲಿ ಪದವಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದ ಅವರು ಒಳ್ಳೆಯ ಪಿಯಾನೊ ವಾದಕರೂ ಹೌದು. 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅವರ ಮುಖ್ಯ ಅಧ್ಯಯನ ಪರಮಾಣು ವಿದಳನ. ಯುರೇನಿಯಂ-235ರ ಬೀಜಕ್ಕೆ ನ್ಯೂಟ್ರಾನ್ ತಾಗಿದರೆ ಅದು ಎರಡಾಗಿ ಒಡೆಯುತ್ತದೆ. ಆಗ ಹೊರಬೀಳುವ ಎರಡು-ಮೂರು ನ್ಯೂಟ್ರಾನ್‌ಗಳು ಮತ್ತಷ್ಟು ಬೀಜಗಳನ್ನು ಒಡೆಯುತ್ತವೆ. ಈ ಸರಪಳಿಯನ್ನು ಹದ್ದುಬಸ್ತಿನಲ್ಲಿಟ್ಟರೆ ವಿದ್ಯುತ್ತು, ಕೈಬಿಟ್ಟರೆ ಸ್ಫೋಟ.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ 'ಅಪ್ಸರಾ' ರಿಯಾಕ್ಟರ್ ಚಾಲನೆಗೊಂಡಾಗ ರಾಮಣ್ಣ ಆ ತಂಡದಲ್ಲಿದ್ದರು. ಮರುವರ್ಷ ಆರಂಭವಾದ ಯುವ ವಿಜ್ಞಾನಿಗಳ ತರಬೇತಿ ಶಾಲೆಯನ್ನು ಕಟ್ಟುವುದರಲ್ಲೂ ಅವರ ಪಾಲು ದೊಡ್ಡದು. 1972ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1974ರ ಮೇ 18ರಂದು ಪೊಖ್ರಾನ್ ಮರಳುಗಾಡು ನಡುಗಿತು. ಇದು 'ಶಾಂತಿಯುತ ಸ್ಫೋಟ' ಎಂದಿತು ಸರ್ಕಾರ. ಬಳಸಿದ ಪ್ಲುಟೋನಿಯಂ ಕೆನಡಾ ನೆರವಿನ 'ಸೈರಸ್' ರಿಯಾಕ್ಟರಿನದು. ಮುನಿದ ಕೆನಡಾ ಸಹಕಾರ ನಿಲ್ಲಿಸಿತು. ಅಂದು ನಡೆದದ್ದು ಬಾಂಬ್ ಪರೀಕ್ಷೆಯೇ ಎಂದು ರಾಮಣ್ಣನವರೇ ಬಹಿರಂಗವಾಗಿ ಹೇಳಿದ್ದು 1997ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ!

ಇತ್ತ ತವರು ರಾಜ್ಯದಲ್ಲಿ ಬೇರೆಯೇ ಪ್ರಶ್ನೆ ಎದ್ದಿತು. ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ 1983-87ರ ಅವಧಿಯಲ್ಲಿ ಕೈಗಾ ಯೋಜನೆ ರೂಪ ಪಡೆಯಿತು. ಕಾಡು, ನದಿ, ಜನರ ಆರೋಗ್ಯದ ಗತಿಯೇನೆಂದು ಕೇಳಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು, ಸೋತರು. 2000ದಿಂದ ಕೈಗಾ ವಿದ್ಯುತ್ ನೀಡುತ್ತಿದೆ.

ರಾಮಣ್ಣ ಮುಂದೆ ರಕ್ಷಣಾ ಖಾತೆಯ ರಾಜ್ಯ ಸಚಿವರೂ ರಾಜ್ಯಸಭಾ ಸದಸ್ಯರೂ ಆದರು. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ನಿಧನರಾದರು. ದೇಶಕ್ಕೆ ಅಣುಶಕ್ತಿ ತಂದುಕೊಟ್ಟ ಹೆಮ್ಮೆ ಅವರದು; ಅದರ ಬೆಲೆಯೇನೆಂದು ಕೇಳಿದ ಹಿರಿಮೆ ಕಾರಂತರದು. ಇಬ್ಬರೂ ಕನ್ನಡ ನಾಡಿನವರೇ ಎಂಬುದನ್ನು ನಾವು ಮರೆಯಬಾರದು.