ಪುರ ಗ್ರಾಮದ ಅನಿಲ ಸ್ಥಾವರ: ತಂತ್ರಜ್ಞಾನ ಮತ್ತು ಸುಸ್ಥಿರ ಅಭಿವೃದ್ಧಿಯ ಒಂದು ಅಧ್ಯಾಯ

ಕರ್ನಾಟಕದ ವಿದ್ಯುತ್ ಇತಿಹಾಸವನ್ನು ಸಾಮಾನ್ಯವಾಗಿ 1902ರ ಶಿವನಸಮುದ್ರ ಯೋಜನೆಯಿಂದ ಆರಂಭಿಸಲಾಗುತ್ತದೆ. ಕಾವೇರಿಯ ಜಲಪಾತದಿಂದ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರು ನಗರಕ್ಕೆ ಅದು ಬಂದುದು 1905ರಲ್ಲಿ. ಒಂದೆಡೆ ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸಿ ದೂರದ ದೊಡ್ಡ ಗ್ರಾಹಕನಿಗೆ ಒಯ್ಯುವ ಈ ಕ್ರಮವೇ ಮುಂದಿನ ಹಲವು ದಶಕಗಳ ಯೋಜನೆಗಳಿಗೆ ಮಾದರಿಯಾಯಿತು. ಗ್ರಾಮಗಳು ಈ ಸಾಲಿನ ಕೊನೆಯಲ್ಲಿ ನಿಂತವು. 1997ರವರೆಗೆ ನಮ್ಮ ದೇಶದಲ್ಲಿ ಒಂದು ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೂ ಆ ಗ್ರಾಮವನ್ನು ವಿದ್ಯುದೀಕರಣಗೊಂಡ ಗ್ರಾಮವೆಂದು ಎಣಿಸಲಾಗುತ್ತಿತ್ತು. ಹೊಲದ ಒಂದು ಪಂಪ್‌ಸೆಟ್ಟಿಗೆ ತಂತಿ ಬಂದರೆ ಊರಿನ ಮನೆಗಳೆಲ್ಲ ಕತ್ತಲೆಯಲ್ಲಿದ್ದರೂ ಸರ್ಕಾರಿ ಲೆಕ್ಕ ಪೂರ್ಣವಾಗುತ್ತಿತ್ತು.

ಈ ಲೆಕ್ಕವನ್ನೇ ಪ್ರಶ್ನಿಸಿದ ಒಂದು ಪ್ರಯತ್ನ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಗ್ರಾಮದಲ್ಲಿ ನಡೆಯಿತು. ಅದರ ಇತಿಹಾಸವನ್ನು ಪರಿಶೀಲಿಸಿ, ಬಡ ಸಮಾಜಗಳಲ್ಲಿ ತಂತ್ರಜ್ಞಾನದ ಯಶಸ್ಸನ್ನು ಯಾವ ಮಾನದಂಡದಿಂದ ಅಳೆಯಬೇಕೆಂಬುದನ್ನು ವಿವೇಚಿಸುವುದು ಈ ಪ್ರಬಂಧದ ಉದ್ದೇಶ.

ಹಿನ್ನೆಲೆ

ಗ್ರಾಮಕ್ಕೆ ತಕ್ಕ ತಂತ್ರಜ್ಞಾನದ ಚಿಂತನೆ ನಮ್ಮಲ್ಲಿ ಹೊಸದಲ್ಲ. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವೂ ಅದನ್ನು ಮುನ್ನಡೆಸಿದ ಜೆ. ಸಿ. ಕುಮಾರಪ್ಪನವರ ಬರಹಗಳೂ ಈ ಚಿಂತನೆಗೆ ಅಡಿಪಾಯ ಹಾಕಿದ್ದವು. ಆದರೆ ಸ್ವಾತಂತ್ರ್ಯಾನಂತರದ ಉನ್ನತ ವಿಜ್ಞಾನ ಸಂಸ್ಥೆಗಳ ಪ್ರಯೋಗಾಲಯಗಳಿಗೂ ಈ ಚಿಂತನೆಗೂ ಹೆಚ್ಚಿನ ಸಂಬಂಧ ಬೆಳೆಯಲಿಲ್ಲ.

ಆ ಅಂತರವನ್ನು ಕಡಿಮೆ ಮಾಡುವ ಯತ್ನ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಹೆಸರಿನಿಂದ ಆರಂಭವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬುದು ಅದರ ಇಂಗ್ಲಿಷ್ ಹೆಸರಿನ ಅರ್ಥ. ಅದರ ಮುಖ್ಯ ಪ್ರೇರಕರು ಅಮೂಲ್ಯ ಕೆ. ಎನ್. ರೆಡ್ಡಿ (1930–2006). ಜಾನ್ ಬಾಕ್ರಿಸ್ ಅವರೊಡನೆ ವಿದ್ಯುದ್ರಸಾಯನ ವಿಜ್ಞಾನದ ಪ್ರಸಿದ್ಧ ಪಠ್ಯವನ್ನು ರಚಿಸಿದ್ದ ಈ ವಿಜ್ಞಾನಿ, ತಮ್ಮ ಕ್ಷೇತ್ರದಲ್ಲಿ ಹೆಸರು ಪಡೆದ ಮೇಲೆ ಗ್ರಾಮೀಣ ಶಕ್ತಿಯ ಅಧ್ಯಯನದತ್ತ ಹೊರಳಿದರು. ಮಣ್ಣಿನ ಒತ್ತು ಇಟ್ಟಿಗೆಯ ಕಟ್ಟಡ, ಸೌದೆ ಉಳಿಸುವ ‘ಅಸ್ತ್ರ ಒಲೆ’, ಗೋಬರ್ ಗ್ಯಾಸ್ ಸ್ಥಾವರದ ಸುಧಾರಿತ ವಿನ್ಯಾಸ ಮುಂತಾದವು ಈ ಕೇಂದ್ರದ ಕೊಡುಗೆಗಳು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವು ತನ್ನ ವಿಸ್ತರಣಾ ಘಟಕವನ್ನು ಸ್ಥಾಪಿಸಿತು.

ಅಸ್ತ್ರದ ಸಂಶೋಧಕರು ಮೊದಲು ಕೈಗೊಂಡುದು ಗ್ರಾಮಗಳ ಶಕ್ತಿ ಬಳಕೆಯ ಸಮೀಕ್ಷೆಯನ್ನು. ಗ್ರಾಮದ ಶಕ್ತಿಯಲ್ಲಿ ಸಿಂಹಪಾಲು ಅಡುಗೆಯ ಸೌದೆಯದು ಎಂಬುದು ಅದರಿಂದ ಸ್ಪಷ್ಟವಾಯಿತು. ಅದಕ್ಕಿಂತ ಮುಖ್ಯವಾದುದು, ಸೌದೆ ಆಯುವುದು, ನೀರು ಹೊರುವುದು, ಅಡುಗೆ ಮಾಡುವುದು ಮುಂತಾದ ಕೆಲಸಗಳಲ್ಲಿ ಹೆಂಗಸರೂ ಮಕ್ಕಳೂ ವ್ಯಯಿಸುವ ಶ್ರಮವು ಶಕ್ತಿಯ ಲೆಕ್ಕದೊಳಗೆ ಬಂದುದು. ಅಂದಿನವರೆಗೆ ಯಾವ ವಿದ್ಯುತ್ ಯೋಜನೆಯ ಕಡತದಲ್ಲಿಯೂ ಈ ಶ್ರಮಕ್ಕೆ ಅಂಕಣವಿರಲಿಲ್ಲ.

ಪುರದ ಪ್ರಯೋಗ

ಪುರದಲ್ಲಿ ಮೂಲತಃ ಯೋಚಿಸಿದ್ದುದು ಊರಿನ ಸಗಣಿಯಿಂದ ಅನಿಲ ಉತ್ಪಾದಿಸಿ ಮನೆಮನೆಗೆ ಅಡುಗೆಗಾಗಿ ಒದಗಿಸುವುದು. ಸಮೀಕ್ಷೆಯ ದೃಷ್ಟಿಯಿಂದ ಇದು ತರ್ಕಬದ್ಧವಾಗಿಯೇ ಇತ್ತು. ಆದರೆ ಹಗಲೆಲ್ಲ ಬಯಲಲ್ಲಿ ಮೇಯುವ ದನಗಳಿಂದ ಸುಲಭವಾಗಿ ದೊರೆಯುವುದು ಕೊಟ್ಟಿಗೆಯ ಸಗಣಿ ಮಾತ್ರ. ಎಲ್ಲ ಮನೆಗಳ ಅಡುಗೆಗೂ ಸಾಲುವಷ್ಟು ಅನಿಲ ಅದರಿಂದ ಬರಲಿಲ್ಲ. ಸಾಲದ ವಸ್ತುವನ್ನು ಹಂಚಹೊರಟರೆ ಊರಿನಲ್ಲಿ ಒಡಕು ಹುಟ್ಟುವುದು ಸಹಜ. ಪ್ರಯೋಗ ಅಲ್ಲಿಗೆ ನಿಂತಿದ್ದರೆ ವಿಫಲ ಯೋಜನೆಗಳ ಪಟ್ಟಿಗೆ ಇನ್ನೊಂದು ಸೇರುತ್ತಿತ್ತು.

ಇಲ್ಲಿಂದ ಮುಂದೆ ನಡೆದುದು ಇತಿಹಾಸಕಾರರ ಗಮನಕ್ಕೆ ಅರ್ಹವಾದುದು. ಗ್ರಾಮಸ್ಥರ ಮೊದಲ ಅಗತ್ಯ ಕುಡಿಯುವ ನೀರಾಗಿತ್ತು. ಇರುವಷ್ಟು ಅನಿಲದಿಂದ ಎಲ್ಲರ ಒಲೆ ಉರಿಯದಿದ್ದರೂ ಎಲ್ಲರಿಗೂ ನೀರು ಮತ್ತು ಬೆಳಕನ್ನು ಕೊಡುವುದು ಸಾಧ್ಯವಿತ್ತು. 1987ರ ಸೆಪ್ಟೆಂಬರಿನಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ಅನಿಲವು ಡೀಸೆಲ್ ಎಂಜಿನ್ನಿಗೆ ಹೋಗಿ ಡೀಸೆಲ್ಲಿನ ಬಹುಪಾಲನ್ನು ಉಳಿಸಿತು. ಎಂಜಿನ್ನಿಗೆ ಜೋಡಿಸಿದ ಸುಮಾರು 5 ಕಿಲೋವ್ಯಾಟ್‌ನ ಜನರೇಟರಿನಿಂದ ಕೊಳವೆಬಾವಿಯ ಪಂಪು ನಡೆಯಿತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟುಗಳು ಬೆಳಗಿದವು. ಸ್ಥಾವರವನ್ನು ನಡೆಸಿದವರು ತರಬೇತಿ ಪಡೆದ ಊರಿನ ಯುವಕರೇ.

ಸಗಣಿ ತಂದವರಿಗೆ ಕಿಲೋಗ್ರಾಮಿಗೆ 2 ಪೈಸೆಯಂತೆ ಸಾಗಣೆ ಕೂಲಿ ಸಲ್ಲುತ್ತಿತ್ತು. ತರುತ್ತಿದ್ದವರು ಹೆಚ್ಚಾಗಿ ಹೆಂಗಸರಾದುದರಿಂದ ಆ ಹಣ ಅವರ ಕೈಸೇರಿತು. ಅನಿಲ ತೆಗೆದ ನಂತರ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಬಸಿದು ಗೊಬ್ಬರವಾಗಿ ರೈತರಿಗೆ ಹಿಂದಿರುಗಿಸಲಾಗುತ್ತಿತ್ತು. ಸಗಣಿ ಕೊಟ್ಟವನು ಗೊಬ್ಬರವನ್ನು ಕಳೆದುಕೊಳ್ಳಲಿಲ್ಲ. ಸಾರಜನಕದ ಪ್ರಮಾಣದಲ್ಲಿ ಅದು ತಿಪ್ಪೆಗೊಬ್ಬರಕ್ಕಿಂತ ಉತ್ತಮವಾಗಿಯೇ ಇತ್ತು.

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಮಂಡಿಸಿದ ವಾದದ ಪ್ರಕಾರ ಸಾಮೂಹಿಕ ಸಂಪತ್ತನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಬಳಸಿ ಕೊನೆಗೆ ಎಲ್ಲರೂ ಅದನ್ನು ಕಳೆದುಕೊಳ್ಳುತ್ತಾರೆ. ಪುರದ ಅನುಭವವನ್ನು ರೆಡ್ಡಿಯವರು ಇದಕ್ಕೆ ಪ್ರತ್ಯುತ್ತರವಾಗಿ ಕಂಡರು. ಕೆಲವು ಮನೆಗಳು ಸಗಣಿ ನಿಲ್ಲಿಸಿದರೆ ಇಡೀ ಊರಿನ ನಲ್ಲಿ ಒಣಗುತ್ತದೆ, ನಿಲ್ಲಿಸಿದವರ ನಲ್ಲಿಯೂ ಒಣಗುತ್ತದೆ. ಸ್ವಹಿತವೂ ಊರಹಿತವೂ ಇಲ್ಲಿ ಒಂದೇ ಕೊಳವೆಯಲ್ಲಿ ಹರಿದವು.

ಗ್ರಾಮದಿಂದ ರಾಜ್ಯಕ್ಕೆ

ಜನರಿಗೆ ಬೇಕಾದುದು ಶಕ್ತಿಯಲ್ಲ, ಶಕ್ತಿಯು ಸಲ್ಲಿಸುವ ಸೇವೆ ಎಂಬ ಗ್ರಾಮದ ಪಾಠವನ್ನು ರೆಡ್ಡಿಯವರು ರಾಜ್ಯದ ಯೋಜನೆಗೂ ಅನ್ವಯಿಸಿದರು. 1987ರಲ್ಲಿ ಕರ್ನಾಟಕದ ದೀರ್ಘಾವಧಿ ವಿದ್ಯುತ್ ಯೋಜನಾ ವರದಿಯು ಹಿಂದಿನ ಬೆಳವಣಿಗೆಯ ಆಧಾರದ ಮೇಲೆ 2000ದ ಇಸವಿಗೆ ಸುಮಾರು 4,750 ಕೋಟಿ ಯೂನಿಟ್ಟುಗಳ ಬೇಡಿಕೆಯನ್ನು ಅಂದಾಜಿಸಿತ್ತು. ರೆಡ್ಡಿ ಮತ್ತು ಅವರ ಸಂಗಡಿಗರು ಬೇರೊಂದು ದಾರಿಯಿಂದ ಲೆಕ್ಕ ಹಾಕಿದರು. ಎಲ್ಲ ಮನೆಗಳಿಗೂ ವಿದ್ಯುತ್ತು, ಉದ್ಯೋಗ ಸೃಷ್ಟಿಸುವ ಕೈಗಾರಿಕೆ, ಮಿತವ್ಯಯದ ದೀಪ, ನೀರು ಕಾಯಿಸಲು ಸೌರಶಕ್ತಿ, ಸುಧಾರಿತ ಪಂಪ್‌ಸೆಟ್ ಇವುಗಳನ್ನು ಸೇರಿಸಿ ನೋಡಿದಾಗ ಅವಶ್ಯವಾದುದು ಆ ಅಂದಾಜಿನ ಸುಮಾರು 38 ಪ್ರತಿಶತ ಮಾತ್ರ. ಕತ್ತಲಲ್ಲಿದ್ದ ಮನೆಗಳನ್ನು ಸೇರಿಸಿಕೊಂಡೂ ಒಟ್ಟು ಮೊತ್ತ ಇಳಿದುದು ಈ ಲೆಕ್ಕದ ವಿಶೇಷ. ಬಡತನ ನಿವಾರಣೆಗೂ ಪರಿಸರ ರಕ್ಷಣೆಗೂ ವಿರೋಧವಿದೆಯೆಂಬ ಸಾಮಾನ್ಯ ಗ್ರಹಿಕೆಯನ್ನು ಅದು ಅಂಕಿಗಳಿಂದಲೇ ಪ್ರಶ್ನಿಸಿತು.

ಮೌಲ್ಯಮಾಪನ

ಪುರದ ವ್ಯವಸ್ಥೆ ಶಾಶ್ವತವಾಗಿ ಉಳಿಯಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಊರೇ ಹಣ ತೆತ್ತು ನಡೆಸಬೇಕಾದ ಒಂದು ಸ್ಥಾವರವು, ಸರ್ಕಾರವು ಸಹಾಯಧನ ನೀಡಿ ಅಗ್ಗವಾಗಿಯೋ ಉಚಿತವಾಗಿಯೋ ಒದಗಿಸುವ ವಿದ್ಯುತ್ತಿನೊಡನೆ ಬಹುಕಾಲ ಸ್ಪರ್ಧಿಸಲಾರದು. ದನಕರುಗಳ ಸಂಖ್ಯೆ, ಬಾಕಿ ವಸೂಲಿ, ಬಿಡಿಭಾಗಗಳ ಪೂರೈಕೆ ಇವುಗಳ ಹೊರೆಯೂ ಇಂತಹ ವ್ಯವಸ್ಥೆಗಳ ಮೇಲೆಯೇ ಬೀಳುತ್ತದೆ. ಇಂದು ವಿದ್ಯುತ್ ಜಾಲವು ಬಹುತೇಕ ಎಲ್ಲ ಮನೆಗಳನ್ನೂ ತಲುಪಿದೆ. 2023ರಿಂದ ಗೃಹಜ್ಯೋತಿ ಯೋಜನೆಯಡಿ ರಾಜ್ಯದ ಮನೆಗಳಿಗೆ ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಉಚಿತ ವಿದ್ಯುತ್ತಿನ ಸೌಲಭ್ಯವಿದೆ. ಯಂತ್ರದ ದೃಷ್ಟಿಯಿಂದ ನೋಡಿದರೆ ಪುರದ ಅಧ್ಯಾಯ ಮುಗಿದಿದೆ.

ಆದರೆ ಅದು ಎತ್ತಿದ ಪ್ರಶ್ನೆ ಮುಗಿದಿಲ್ಲ. ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಒಣಭೂಮಿಯ ಮೇಲೆ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ 2019ರ ಹೊತ್ತಿಗೆ ಪೂರ್ಣಗೊಂಡಿತು. ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆಗೆ ಪಡೆದುದು ಪದೇ ಪದೇ ಬರಗಾಲ ಕಂಡ ರೈತರಿಗೆ ಒಂದು ಸ್ಥಿರ ಆದಾಯವಾಯಿತು. ಇದು ನಿಸ್ಸಂದೇಹವಾಗಿ ಒಳ್ಳೆಯ ಕ್ರಮ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೂ ಕುರಿ ಮೇಯಿಸುತ್ತಿದ್ದವರಿಗೂ ಈ ಗುತ್ತಿಗೆಯಲ್ಲಿ ಪಾಲಿಲ್ಲ. ಪುರದಲ್ಲಿ ಸಗಣಿ ಹೊತ್ತು ತಂದ ಹೆಂಗಸಿಗೆ 2 ಪೈಸೆಯ ಅಂಕಣವೊಂದಿತ್ತು.

5 ಕಿಲೋವ್ಯಾಟ್ ಮತ್ತು 2,050 ಮೆಗಾವ್ಯಾಟ್‌ಗಳ ನಡುವೆ ಆಯ್ಕೆ ಮಾಡಬೇಕೆಂಬುದು ಈ ಹೋಲಿಕೆಯ ಆಶಯವಲ್ಲ. ದೇಶಕ್ಕೆ ದೊಡ್ಡದೂ ಬೇಕು, ಚಿಕ್ಕದೂ ಬೇಕು. ಯಾವ ಅಳತೆಯದಾದರೂ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದುದು ಯಾರ ಯಾವ ಅಗತ್ಯ ಪೂರೈಸಲಿದೆ, ಯಾರ ಶ್ರಮ ಉಳಿಯಲಿದೆ, ಯಾರ ದುಡಿಮೆ ಕಳೆದುಹೋಗಲಿದೆ ಎಂಬ ಲೆಕ್ಕ. ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆ ಲೆಕ್ಕವನ್ನು ಬರೆದು ನೋಡಲಾಯಿತು. ಮೊದಲ ಉತ್ತರ ತಪ್ಪೆಂದು ಕಂಡಾಗ ಊರಿನವರ ಮಾತಿನಂತೆ ತಿದ್ದಲಾಯಿತು. ಅಭಿವೃದ್ಧಿಯ ಇತಿಹಾಸವನ್ನು ಬರೆಯುವವರು ಅಣೆಕಟ್ಟುಗಳ ಎತ್ತರವನ್ನು ದಾಖಲಿಸಿದಷ್ಟೇ ಶ್ರದ್ಧೆಯಿಂದ ಇಂತಹ ತಿದ್ದುಪಡಿಗಳನ್ನೂ ದಾಖಲಿಸುವುದು ಅಗತ್ಯ.