ಮಾತ್ರೆಯ ಪೊಟ್ಟಣದಲ್ಲಿ ಬಂದ ಸಂಗೀತ

ಬಿಳಿಯ ರಟ್ಟಿನ ಪೆಟ್ಟಿಗೆ. ಮೇಲೆ ಚಿತ್ರವಿಲ್ಲ, ಗಾಯಕನ ಮುಖವಿಲ್ಲ. ಅಲಂಕಾರವಿಲ್ಲದ ಅಚ್ಚಕ್ಷರಗಳು ಮಾತ್ರ. ಒಳಗೆ ಮಡಿಸಿಟ್ಟ ಒಂದು ಸೂಚನಾಪತ್ರ. ಅದರ ಜೊತೆಗೆ ಪ್ಲಾಸ್ಟಿಕ್ ಗುಳಿಯಲ್ಲಿ ಕೂರಿಸಿ, ಬೆನ್ನಿಗೆ ಬೇಗಡೆ ಹಾಳೆ ಅಂಟಿಸಿದ ಒಂದು 'ಮಾತ್ರೆ'. ಔಷಧಿ ಅಂಗಡಿಯ ಕಪಾಟಿನಲ್ಲಿಟ್ಟರೆ ಯಾರಿಗೂ ಅನುಮಾನ ಬಾರದು. ಆದರೆ ಈ ಮಾತ್ರೆಯ ವ್ಯಾಸ 12 ಸೆಂಟಿಮೀಟರ್, ಅದು ಕೆಲಸ ಮಾಡುವ ಅವಧಿ 70 ನಿಮಿಷ. ಇಂಗ್ಲೆಂಡಿನ 'ಸ್ಪಿರಿಚುವಲೈಸ್ಡ್' ತಂಡ 1997ರ ಜೂನ್‌ನಲ್ಲಿ ಹೊರತಂದ 'ಲೇಡೀಸ್ ಅಂಡ್ ಜೆಂಟಲ್‌ಮೆನ್ ವಿ ಆರ್ ಫ್ಲೋಟಿಂಗ್ ಇನ್ ಸ್ಪೇಸ್' ಎಂಬ ಸಿ.ಡಿ. ಇದು.

ಧ್ವನಿಮುದ್ರಿಕೆಯ ಹೊದಿಕೆಗೂ ಒಂದು ಇತಿಹಾಸವಿದೆ. ಆರಂಭದ ಗ್ರಾಮಫೋನ್ ತಟ್ಟೆಗಳು ಬಹುಮಟ್ಟಿಗೆ ಸಾದಾ ಕಾಗದದ ಚೀಲದಲ್ಲಿ ಬರುತ್ತಿದ್ದವು. 1938ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದ, ಹೊದಿಕೆಯ ಮೇಲೆ ಚಿತ್ರ ಬಿಡಿಸಿದರೆ ಸಂಗೀತದ ಮಾರಾಟ ಹೆಚ್ಚೀತು ಎಂದು ತೋರಿಸಿಕೊಟ್ಟ. 1948ರಲ್ಲಿ 12 ಅಂಗುಲದ ಎಲ್.ಪಿ. ಬಂದಾಗ ಕಲಾವಿದರಿಗೆ ದೊಡ್ಡ ಅಂಗಳವೇ ಸಿಕ್ಕಿತು. 1967ರಲ್ಲಿ 'ವೆಲ್ವೆಟ್ ಅಂಡರ್‌ಗ್ರೌಂಡ್' ತಂಡಕ್ಕಾಗಿ ಆ್ಯಂಡಿ ವಾರ್ಹೋಲ್ ಸಿಪ್ಪೆ ಸುಲಿಯಬಹುದಾದ ಬಾಳೆಹಣ್ಣನ್ನು ಹೊದಿಕೆಗೆ ಅಂಟಿಸಿದ. 1971ರಲ್ಲಿ 'ರೋಲಿಂಗ್ ಸ್ಟೋನ್ಸ್' ತಂಡದ ಹೊದಿಕೆಯ ಮೇಲೆ ನಿಜವಾದ ಜಿಪ್ಪೇ ಇತ್ತು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದ ಮೇಲೆ ಈ ಅಂಗಳ ಒಂದು ಪ್ಲಾಸ್ಟಿಕ್ ಡಬ್ಬಿಯ ಗಾತ್ರಕ್ಕೆ ಕುಗ್ಗಿತು.

ಕುಗ್ಗಿದ ಈ ಜಾಗವನ್ನೇ ಬೇರೆ ರೀತಿಯಲ್ಲಿ ಬಳಸಿಕೊಂಡವರು ವಿನ್ಯಾಸಕಾರ ಮಾರ್ಕ್ ಫ್ಯಾರೋ ಮತ್ತು ತಂಡದ ನಾಯಕ ಜೇಸನ್ ಪಿಯರ್ಸ್. ಔಷಧಿಯಂತೆ ಕಾಣುವ ಚಿತ್ರ ಬರೆಸುವುದರ ಬದಲು ಅವರು ಔಷಧಿಯ ಪೊಟ್ಟಣವನ್ನೇ ಮಾಡಿಸಿದರು. ಒಳಗಿನ ಸೂಚನಾಪತ್ರವೂ ಔಷಧಿ ಕಂಪೆನಿಗಳ ಒಣ ಭಾಷೆಯಲ್ಲೇ ಇದೆ. ಇದನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆಗೆ ಹೃದಯ ಮತ್ತು ಆತ್ಮದ ಚಿಕಿತ್ಸೆಗೆ ಎಂಬ ಉತ್ತರ ಅದರಲ್ಲಿದೆ. ಸೀಮಿತ ಸಂಖ್ಯೆಯ ಇನ್ನೊಂದು ಆವೃತ್ತಿಯಲ್ಲಿ ಹನ್ನೆರಡು ಹಾಡುಗಳಿಗೆ 3 ಅಂಗುಲದ ಹನ್ನೆರಡು ಪುಟ್ಟ ಸಿ.ಡಿ.ಗಳು, ಒಂದೊಂದಕ್ಕೂ ಒಂದೊಂದು ಗುಳಿ.

ಪೊಟ್ಟಣದೊಳಗಿನ ಸಂಗೀತವೂ ಅಷ್ಟೇ ಸಾಹಸದ್ದು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳು ತರುತ್ತಿದ್ದ ರಾಕ್ ಸಂಗೀತಕ್ಕೆ ಬ್ರಿಟನ್ನಿನಲ್ಲಿ 'ಇಂಡಿ' ಎಂಬ ಹೆಸರು ಬಿತ್ತು. ಮೂರು ನಾಲ್ಕು ಜನ, ಒಂದೆರಡು ಗಿಟಾರ್, ಕಡಿಮೆ ಖರ್ಚು ಅದರ ಸಾಮಾನ್ಯ ಲಕ್ಷಣ. ಪಿಯರ್ಸ್ ಬಂದದ್ದೂ ಆ ದಾರಿಯಿಂದಲೇ. ರಗ್ಬಿ ಪಟ್ಟಣದಲ್ಲಿ 1982ರಲ್ಲಿ ಹುಟ್ಟಿದ 'ಸ್ಪೇಸ್‌ಮೆನ್ 3' ಆತನ ಹಿಂದಿನ ತಂಡ. ಆದರೆ ಬಿ.ಎಂ.ಜಿ. ಕಂಪೆನಿಯ ಬೆಂಬಲವಿದ್ದ 'ಡೆಡಿಕೇಟೆಡ್' ಎಂಬ ಸಣ್ಣ ಸಂಸ್ಥೆ 1997ರಲ್ಲಿ ಹೊರತಂದ ಈ ಕೃತಿಯಲ್ಲಿ ಬಾಲನೆಸ್ಕು ಚತುಷ್ಟಯದ ಪಿಟೀಲುಗಳಿವೆ, ಕಹಳೆಗಳಿವೆ, ಲಂಡನ್ ಕಮ್ಯುನಿಟಿ ಗಾಸ್ಪೆಲ್ ಕಾಯರ್‌ನ ಸಮೂಹಗಾನವಿದೆ. ಹದಿನೇಳು ನಿಮಿಷಗಳ ಕೊನೆಯ ಹಾಡಿನಲ್ಲಿ ನ್ಯೂ ಆರ್ಲಿಯನ್ಸ್‌ನ ಹಿರಿಯ ಕಲಾವಿದ ಡಾ. ಜಾನ್ ಪಿಯಾನೊ ನುಡಿಸಿದ್ದಾರೆ.

ಇಷ್ಟೆಲ್ಲ ವಾದ್ಯಗಳಿದ್ದರೂ ರಚನೆಗಳ ಅಡಿಪಾಯ ಸರಳ. ಎಷ್ಟೋ ಹಾಡುಗಳು ಒಂದೆರಡು ಸ್ವರಮೇಳಗಳ ಮೇಲೇ ನಿಂತಿವೆ. ಶ್ರುತಿಪೆಟ್ಟಿಗೆಯ ನಾದ ನಿಲ್ಲದೆ ಹರಿಯುತ್ತಿರುವಂತೆ ಒಂದು ಆಧಾರನಾದ ಹಿಂದೆ ಉಳಿಯುತ್ತದೆ. ಅದರ ಮೇಲೆ ಒಂದೊಂದಾಗಿ ಪದರಗಳು ಕೂಡುತ್ತವೆ. ಮೊದಲ ಹಾಡು ಟೆಲಿಫೋನಿನಲ್ಲಿ ಕೇಳಿಬರುವಂತಹ ಹೆಣ್ಣು ದನಿಯಿಂದ ಶುರುವಾಗಿ ಮೆಲ್ಲನೆ ಹಲವು ದನಿಗಳ ಹೆಣಿಗೆಯಾಗುತ್ತದೆ. 'ಬ್ರೋಕನ್ ಹಾರ್ಟ್' ಹಾಡಿನಲ್ಲಿ ದುಃಖದ ಭಾರವನ್ನೆಲ್ಲ ತಂತಿವಾದ್ಯಗಳೇ ಹೊರುತ್ತವೆ. ಪಿಯರ್ಸ್‌ನ ದನಿ ಮಾತ್ರ ಸೋತವನ ದನಿಯಂತೆ ತೆಳುವಾಗಿಯೇ ಇರುತ್ತದೆ.

ಈ ಅದ್ದೂರಿತನಕ್ಕೂ ಮಾತ್ರೆಯ ಪೊಟ್ಟಣಕ್ಕೂ ಏನು ಸಂಬಂಧ? ಉತ್ತರ ಕನ್ನಡದ 'ಮದ್ದು' ಎಂಬ ಒಂದು ಪದದಲ್ಲಿ ಸಿಗುತ್ತದೆ. ಮದ್ದು ಕಾಯಿಲೆ ವಾಸಿಮಾಡುತ್ತದೆ. 'ಮದ್ದು ಹಾಕಿದರು' ಎಂದರೆ ಅರ್ಥವೇ ಬೇರೆ. ಪಿಯರ್ಸ್‌ನ ಹಾಡುಗಳಲ್ಲಿ ಪ್ರೀತಿ, ಪ್ರಾರ್ಥನೆ ಮತ್ತು ಮಾದಕವಸ್ತು ಮೂರೂ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. ಮೂರೂ ನೋವು ಮರೆಸುತ್ತವೆ, ಮೂರೂ ಬಿಡಿಸಿಕೊಳ್ಳಲಾರದಂತೆ ಕಟ್ಟಿಹಾಕುತ್ತವೆ. ಗುಣ ಯಾವುದು, ಚಟ ಯಾವುದು ಎಂದು ಕೃತಿ ತೀರ್ಪು ಕೊಡುವುದಿಲ್ಲ. ಪೊಟ್ಟಣವೂ ಅದೇ ಮಾತನ್ನು ನಗುಮೊಗದಲ್ಲಿ ಹೇಳುತ್ತದೆ.

ಹೊರಬಂದ ವರ್ಷವೇ ಬ್ರಿಟನ್ನಿನ 'ಎನ್.ಎಂ.ಇ.' ಪತ್ರಿಕೆ ಇದನ್ನು ವರ್ಷದ ಶ್ರೇಷ್ಠ ಕೃತಿಯೆಂದು ಆರಿಸಿತು. ಸ್ಪರ್ಧೆಯಲ್ಲಿದ್ದುದು 'ರೇಡಿಯೊಹೆಡ್' ತಂಡದ 'ಓಕೆ ಕಂಪ್ಯೂಟರ್‌'ನಂತಹ ಕೃತಿಗಳು. ಆದರೆ ಆಗ ಜನ ಕೇಳಿದ್ದು ಪಿಯರ್ಸ್ ಬಯಸಿದ ರೂಪವನ್ನಲ್ಲ. ಮೊದಲ ಹಾಡಿನಲ್ಲಿ ಆತ ಎಲ್ವಿಸ್ ಪ್ರೀಸ್ಲಿಯ 1961ರ ಪ್ರಸಿದ್ಧ ಪ್ರೇಮಗೀತೆಯೊಂದರ ಸಾಲುಗಳನ್ನು ಹೆಣೆದಿದ್ದ. ಪ್ರೀಸ್ಲಿಯ ಹಕ್ಕುದಾರರು ಒಪ್ಪದ ಕಾರಣ ಸಾಹಿತ್ಯ ಬದಲಾಯಿಸಬೇಕಾಯಿತು. ಎಲ್ವಿಸ್ ಹಾಡಿನ ಧಾಟಿಯೇ ಹದಿನೆಂಟನೆಯ ಶತಮಾನದ ಫ್ರೆಂಚ್ ಗೀತೆಯೊಂದರಿಂದ ಬಂದದ್ದು ಎಂಬುದು ಇಲ್ಲಿನ ವ್ಯಂಗ್ಯ. 2009ರ ಮರುಮುದ್ರಣದಲ್ಲಿ ಮೂಲರೂಪಕ್ಕೆ ಬಿಡುಗಡೆ ಸಿಕ್ಕಿತು.

2001ರ 'ಲೆಟ್ ಇಟ್ ಕಮ್ ಡೌನ್' ಕೃತಿಗೆ ಪಿಯರ್ಸ್ ನೂರಕ್ಕೂ ಹೆಚ್ಚು ವಾದ್ಯಗಾರರನ್ನು ಕೂಡಿಸಿದ. ಸ್ವರಲಿಪಿ ಓದಲು ಬಾರದ ಆತ ಒಂದೊಂದು ವಾದ್ಯದ ಭಾಗವನ್ನೂ ಬಾಯಲ್ಲಿ ಹಾಡಿ ಟೇಪಿನಲ್ಲಿ ಹಿಡಿದಿಟ್ಟಿದ್ದ. 2005ರಲ್ಲಿ ನ್ಯುಮೋನಿಯಾ ತಗುಲಿ ಸಾವಿನ ಬಾಗಿಲು ಮುಟ್ಟಿ ಬಂದ. 2008ರ ಕೃತಿಯ ಹೆಸರಿನಲ್ಲಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವೇ ಸೇರಿಕೊಂಡಿತು. ಔಷಧಿಯನ್ನು ರೂಪಕವಾಗಿ ಬಳಸಿದವನಿಗೆ ಔಷಧಿ ನಿಜವಾಗಿಯೇ ಬೇಕಾಯಿತು.

ಹರಿಯದೆ ಉಳಿದ ಪೊಟ್ಟಣಗಳು ಸಂಗ್ರಾಹಕರಿಗೆ ಅಮೂಲ್ಯ ವಸ್ತು. ಆದರೆ ಈ ವಿನ್ಯಾಸದ ಜಾಣತನ ಇರುವುದು ಹರಿಯುವುದರಲ್ಲೇ. ಬೇಗಡೆ ಹಾಳೆ ಒಮ್ಮೆ ಒಡೆದರೆ ಮತ್ತೆ ಕೂಡದು. ಒಡೆಯದೆ ಹಾಡು ಕೇಳದು. ಕೇಳಬೇಕೋ, ಕಾಪಾಡಬೇಕೋ ಎಂಬ ನಿರ್ಧಾರವನ್ನು ಕೊಂಡವನೇ ತೆಗೆದುಕೊಳ್ಳಬೇಕು. ಬೆರಳು ಸೋಕಿದರೆ ಸಂಗೀತ ಹರಿದುಬರುವ ಈ ದಿನಗಳಲ್ಲಿ ಕೇಳುಗ ಅಂಥದ್ದೇನನ್ನೂ ಕಳೆದುಕೊಳ್ಳಬೇಕಿಲ್ಲ. 1997ರ ಪೊಟ್ಟಣ ಮಾತ್ರ ಪ್ರತಿಯೊಬ್ಬ ಕೇಳುಗನಿಂದಲೂ ಒಂದು ಸಣ್ಣ ಬೆಲೆ ಕೇಳಿತು. ನುಂಗದ ಮಾತ್ರೆಯಿಂದ ಯಾರ ನೋವೂ ಇಳಿಯದು.